ಅವರೇ ಹೇಳಲಿ

ಮೊದಲ ಕೀಮೋದ ದಿನ ಬೆಳಿಗ್ಗೆ ನರ್ಸ್ ಒಬ್ಬರು ಹಾಳೆ ಹಿಡಿದು ನನ್ನ ಕುರ್ಚಿಯ ಬಳಿ ಬಂದು ಹೆಸರು ಮತ್ತು ಹುಟ್ಟಿದ ತಾರೀಖು ಕೇಳಿದಾಗ, ಪಕ್ಕದಲ್ಲಿ ನಿಂತಿದ್ದ ನನ್ನ ಪತಿ ಅಭ್ಯಾಸಬಲದಿಂದ ತಾವೇ ಉತ್ತರ ಕೊಟ್ಟರು. ಹೆಸರೂ ಸರಿಯಾಗಿತ್ತು, ತಾರೀಖೂ ಸರಿಯಾಗಿತ್ತು. ಆದರೆ ನರ್ಸ್ ಅದನ್ನು ಗುರುತು ಹಾಕಿಕೊಳ್ಳಲಿಲ್ಲ. ಮೆಲ್ಲಗೆ, ನನ್ನ ಪತಿಗೆ ನೋವಾಗದ ಹಾಗೆ, "ಅವರೇ ಹೇಳಲಿ" ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಹೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸ್ತನದಲ್ಲಿ ಗಂಟು ಸಿಕ್ಕಿದ ದಿನದಿಂದ ಮನೆಯಲ್ಲಿ, ಫೋನಿನಲ್ಲಿ, ಬಂಧುಗಳ ನಡುವೆ ನಡೆದ ಮಾತುಕತೆಯಲ್ಲೆಲ್ಲ ನನ್ನ ಪರವಾಗಿ ಬೇರೆ ಯಾರಾದರೂ ಮಾತನಾಡುತ್ತಲೇ ಇದ್ದರು, ನಾನೂ ಅದಕ್ಕೆ ಒಗ್ಗಿಹೋಗಿದ್ದೆ.

ಅಂದು ಅದೇ ಪ್ರಶ್ನೆಯನ್ನು ನನಗೆ 5 ಸಲ ಕೇಳಿದರು. ರಕ್ತ ತೆಗೆಯುವಾಗ ಒಂದು ಸಲ, ಬಲಗಡೆ ಕೊರಳೆಲುಬಿನ ಕೆಳಗೆ ಔಷಧಿ ನೇರವಾಗಿ ದೊಡ್ಡ ರಕ್ತನಾಳಕ್ಕೆ ಹೋಗಲೆಂದು ಚರ್ಮದೊಳಗೆ ಕೂರಿಸಿರುವ ಪೋರ್ಟ್ ಎಂಬ ಪುಟ್ಟ ಸಾಧನಕ್ಕೆ ಸೂಜಿ ಚುಚ್ಚುವಾಗ ಒಂದು ಸಲ, ವಾಂತಿ ತಡೆಯುವ ಔಷಧಿ ಹಾಕುವಾಗ ಒಂದು ಸಲ, ಆಮೇಲೆ ಎರಡು ಮುಖ್ಯ ಔಷಧಿಗಳಿಗೆ ಒಂದೊಂದು ಸಲ. ಮುಖ್ಯ ಔಷಧಿ ಬಂದಾಗ ಇಬ್ಬರು ನರ್ಸ್‌ಗಳು ಜೊತೆಯಾಗಿ ನಿಂತು, ಒಬ್ಬರು ಔಷಧಿಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದರು, ಇನ್ನೊಬ್ಬರು ನನ್ನ ಕೈಪಟ್ಟಿಯನ್ನು ತಾಳೆ ನೋಡಿದರು. ಒಬ್ಬರ ಔಷಧಿ ಇನ್ನೊಬ್ಬರ ದೇಹಕ್ಕೆ ಹೋಗದಿರಲಿ ಎಂದು ಮಾಡಿಕೊಂಡಿರುವ ಕಟ್ಟುಪಾಡು ಇದು, ನನಗೆ ಗೌರವ ತೋರಿಸಲೆಂದು ಹುಟ್ಟಿದ್ದಲ್ಲ ಎಂಬುದು ನನಗೆ ಗೊತ್ತಿದೆ. ಹಾಗಿದ್ದರೂ ಆ ಕುರ್ಚಿಯಲ್ಲಿ ಕುಳಿತಿರುವವಳು ನಾನು, ಈ ಔಷಧಿ ಹೋಗುತ್ತಿರುವುದು ನನ್ನ ಮೈಗೆ ಎಂಬುದನ್ನು ಆ ದಿನ ಐದು ಸಲ ನನ್ನ ಬಾಯಿಂದಲೇ ಹೇಳಿಸಿದ ಹಾಗಾಯಿತು.

ಇದು ನನ್ನನ್ನು ಇಷ್ಟು ತಟ್ಟಿದ್ದಕ್ಕೆ ಕಾರಣವಿದೆ. ಇಂಥ ಮೊದಲ ದಿನವನ್ನು ನಾನು ಹಿಂದೆಯೂ ಒಮ್ಮೆ ನೋಡಿದ್ದೇನೆ. 11 ವರ್ಷಗಳ ಹಿಂದೆ ಊರಿನಲ್ಲಿ ನನ್ನ ಅಕ್ಕನಿಗೆ ಇದೇ ಕಾಯಿಲೆ ಬಂದಾಗ ರಜೆ ಹಾಕಿ ಹೋಗಿ ಅವಳ ಮಂಚದ ಪಕ್ಕ ಕುಳಿತಿದ್ದೆ. ಅಂದು ಅಕ್ಕನ ಹೆಸರು ಕೇಳಿದ್ದು ಭಾವನನ್ನು. ವಯಸ್ಸು ಕೇಳಿದ್ದು ಭಾವನನ್ನು. ಪೇಷಂಟಿಗೆ ಶುಗರ್ ಇದೆಯೇ, ಬಿಪಿ ಇದೆಯೇ, ರಾತ್ರಿ ನಿದ್ದೆ ಬಂದಿತ್ತೇ ಎಂದು ಕೇಳಿದ್ದೂ ಭಾವನನ್ನೇ. ಅಕ್ಕ ಅಲ್ಲೇ ಇದ್ದಳು, ಪೂರ್ತಿ ಎಚ್ಚರದಲ್ಲಿದ್ದಳು. ಡಾಕ್ಟರು ಬಂದು ಫೈಲು ತಿರುವಿ, ಅಕ್ಕನ ಕಡೆ ನೋಡಿ ನಕ್ಕು, "ಏನಮ್ಮಾ, ಧೈರ್ಯವಾಗಿದ್ದೀರಲ್ಲ" ಎಂದು ಕೇಳಿ, ಅವಳ ಉತ್ತರಕ್ಕೆ ಕಾಯದೆ ಭಾವನಿಗೆ "ಸ್ವಲ್ಪ ಬನ್ನಿ" ಎಂದು ಹೊರಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಯಾವ ಔಷಧಿ, ಎಷ್ಟು ಸಲ, ಏನೇನು ತೊಂದರೆ ಆಗಬಹುದು, ಎಷ್ಟು ಭರವಸೆ ಇಟ್ಟುಕೊಳ್ಳಬಹುದು ಎಂಬುದೆಲ್ಲ ಆ ಬಾಗಿಲಿನ ಆಚೆ ತಗ್ಗಿದ ದನಿಯಲ್ಲಿ ಆದ ಮಾತು. ಬಾಗಿಲಿಗೆ ಒಂದು ಚಿಕ್ಕ ಗಾಜಿನ ಕಿಂಡಿ ಇತ್ತು. ಅದರಲ್ಲಿ ಅಕ್ಕ ಕಾಣುತ್ತಿದ್ದಳು. ಅವಳು ನಮ್ಮ ತುಟಿಗಳನ್ನೇ ನೋಡುತ್ತಿದ್ದಳು.

ಒಳಗೆ ಬಂದು ನಾವು ಅವಳಿಗೆ ಹೇಳಿದ್ದು ಇಷ್ಟೇ: ಗಡ್ಡೆಯನ್ನು ಹೇಗೂ ತೆಗೆದಾಗಿದೆ, ಮತ್ತೆ ಬರದಿರಲಿ ಎಂದು ಒಂದಷ್ಟು ಇಂಜೆಕ್ಷನ್ ಕೊಡುತ್ತಾರೆ, ಹೆದರುವಂಥದ್ದೇನೂ ಇಲ್ಲ. ಕ್ಯಾನ್ಸರ್ ಎಂಬ ಪದ ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ಫೈಲು ಭಾವನ ಕೈಯಲ್ಲೇ ಇರುತ್ತಿತ್ತು, ಮನೆಗೆ ಬಂದ ಮೇಲೆ ಬೀರುವಿನ ಮೇಲಿನ ಅರೆಗೆ ಹೋಗುತ್ತಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಭಾವ. ಹೊರಗಿನಿಂದ ಬಂದವಳು, ನಾಲ್ಕು ಊರು ಕಂಡವಳು ಎಂಬ ಹೆಮ್ಮೆ ಇಟ್ಟುಕೊಂಡಿದ್ದ ನಾನೂ ಅದಕ್ಕೆ ಒಂದು ಮಾತು ಅಡ್ಡ ಹೇಳಲಿಲ್ಲ. ಅಕ್ಕ ಒಂದು ಮಧ್ಯಾಹ್ನ ಭಾವ ಇಲ್ಲದ ಹೊತ್ತಿನಲ್ಲಿ ನನ್ನ ಕೈ ಹಿಡಿದು, "ನೀನಾದರೂ ನಿಜ ಹೇಳೇ, ಇದು ಅದೇನಾ?" ಎಂದು ಕೇಳಿದಾಗ, "ಏನೇನೋ ಯೋಚನೆ ಮಾಡಬೇಡ, ಮಲಕ್ಕೋ" ಎಂದು ಹೊದಿಕೆ ಸರಿಮಾಡಿದವಳು ನಾನು.

ಇಲ್ಲಿ, ನಾನು ನೆಲೆಸಿರುವ ಪರದೇಶದಲ್ಲಿ, ನನ್ನ ಸರದಿ ಬಂದಾಗ ಹಾಗಾಗಲಿಲ್ಲ. ಚಿಕಿತ್ಸೆ ಶುರುವಾಗುವ ಒಂದು ವಾರ ಮೊದಲು ಡಾಕ್ಟರು ನನ್ನನ್ನು ಕೂರಿಸಿಕೊಂಡು ಎರಡು ಔಷಧಿಗಳ ಹೆಸರನ್ನು ಬರೆದು ಕೊಟ್ಟರು: ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್. 21 ದಿನಗಳಿಗೊಮ್ಮೆಯಂತೆ 4 ಸಲ, ಆಮೇಲೆ ಬೇರೆ ಔಷಧಿ. ಕೀಮೋದ ಅಳತೆಯನ್ನು ಸಾಮಾನ್ಯವಾಗಿ ಮೈಯ ಹೊರಮೈಯ ವಿಸ್ತೀರ್ಣಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಾರೆ ಎಂಬುದು ನನಗೆ ತಿಳಿದದ್ದು ಅಂದೇ. ಎತ್ತರವನ್ನು ಸೆಂಟಿಮೀಟರಿನಲ್ಲೂ ತೂಕವನ್ನು ಕಿಲೋದಲ್ಲೂ ಹಿಡಿದು ಗುಣಿಸಿ, 3600ರಿಂದ ಭಾಗಿಸಿ, ಬಂದದ್ದಕ್ಕೆ ವರ್ಗಮೂಲ ತೆಗೆದರೆ ಅದು ಸಿಗುತ್ತದೆ. ನನ್ನ ಎತ್ತರ 158, ತೂಕ 62, ಲೆಕ್ಕ 1.65 ಚದರ ಮೀಟರಿಗೆ ಬಂತು. ಒಂದು ಚದರ ಮೀಟರಿಗೆ 60 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ನನಗೆ ಕೊಡಬೇಕಾದ ಡಾಕ್ಸೊರುಬಿಸಿನ್ 99 ಮಿಲಿಗ್ರಾಂ. ಈ ಔಷಧಿಗೆ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವ ಗುಣವಿರುವುದರಿಂದ ಮೊದಲೇ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿದ್ದರು. ಜೀವಮಾನದಲ್ಲಿ ಒಬ್ಬರಿಗೆ ಒಟ್ಟು ಇಷ್ಟೇ ಕೊಡಬಹುದೆಂಬ ಮಿತಿ ಇದೆ, ನಿಮ್ಮ ನಾಲ್ಕು ಸಲ ಸೇರಿದರೂ ಅದು ಆ ಮಿತಿಗಿಂತ ಬಹಳ ಕೆಳಗೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಸಹಿ ಹಾಕುವ ಜಾಗ ಒಂದೇ ಇತ್ತು. ಅದು ನನ್ನದು.

ಡಾಕ್ಸೊರುಬಿಸಿನ್ ಎಂಬ ಆ ಕೆಂಪು ಔಷಧಿಯ ಹೊತ್ತನ್ನು ಮಾತ್ರ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಉಳಿದ ಔಷಧಿಗಳು ಚೀಲದಲ್ಲಿ ಬಂದು, ಕಂಬಕ್ಕೆ ತೂಗಿ, ಯಂತ್ರದ ಮೂಲಕ ತಾವಾಗಿ ಇಳಿಯುತ್ತವೆ. ಇದು ಹಾಗಲ್ಲ. ಎರಡು ದಪ್ಪ ಸಿರಿಂಜುಗಳಲ್ಲಿ ಬಂತು. ನರ್ಸ್ ಮೈಗೆ ನಿಲುವಂಗಿ, ಕೈಗೆ ಎರಡು ಪದರ ಗ್ಲೌಸು ಹಾಕಿಕೊಂಡು, ಚಿಕ್ಕ ಸ್ಟೂಲನ್ನು ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು. ಸಿರಿಂಜಿನ ಹಿಡಿಯನ್ನು ಸ್ವಲ್ಪ ಒತ್ತುವುದು, ನಿಲ್ಲಿಸಿ ಹಿಂದಕ್ಕೆ ಎಳೆದು ನಳಿಗೆಯಲ್ಲಿ ರಕ್ತ ಬರುವುದನ್ನು ನೋಡುವುದು, ಮತ್ತೆ ಒತ್ತುವುದು. ರಕ್ತ ಬಂದರೆ ಸೂಜಿ ಸರಿಯಾದ ಜಾಗದಲ್ಲಿದೆ ಎಂದರ್ಥ. ಈ ಔಷಧಿ ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುವಷ್ಟು ಕಠಿಣವಾದದ್ದು, ಆದ್ದರಿಂದ ಅದನ್ನು ಕೊಡುವ ಅಷ್ಟು ಹೊತ್ತೂ ಒಬ್ಬರು ಪಕ್ಕದಲ್ಲಿ ಕುಳಿತೇ ಇರಬೇಕು. ನನ್ನ ಬಾಯಿಯಲ್ಲಿ ಮಂಜುಗಡ್ಡೆಯ ಚೂರುಗಳಿದ್ದವು. ಬಾಯೊಳಗಿನ ರಕ್ತನಾಳಗಳು ತಣುಪಿಗೆ ಕುಗ್ಗಿದರೆ ಔಷಧಿ ಅಲ್ಲಿಗೆ ಕಡಿಮೆ ತಲುಪಿ, ಮುಂದೆ ಬಾಯಿ ಹುಣ್ಣಾಗುವುದು ತಪ್ಪಬಹುದು ಎಂದು ಕೊಟ್ಟಿದ್ದರು. ನಳಿಗೆಯಲ್ಲಿ ಕೆಂಪು ಬಣ್ಣ ನನ್ನ ಎದೆಯ ಕಡೆಗೆ ಗೇಣು ಗೇಣಾಗಿ ಸರಿದು ಬರುವುದನ್ನು ನಾನು ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನರ್ಸ್, ಕೈ ಕೆಲಸ ಬಿಡದೆ, "ಇವತ್ತು ಮತ್ತು ನಾಳೆ ನಿಮ್ಮ ಮೂತ್ರ ಕೆಂಪಾಗಿ ಹೋಗಬಹುದು. ಅದು ರಕ್ತವಲ್ಲ, ಈ ಔಷಧಿಯ ಬಣ್ಣ. ಹೆದರಬೇಡಿ" ಎಂದರು.

ಒಂದೇ ಉಸಿರಿನ ಮಾತು ಅದು. ಆ ಮಾತಿನ ಬೆಲೆ ನನಗೆ ತಿಳಿದದ್ದು ಅದೇ ರಾತ್ರಿ.

ಎರಡನೆಯ ಔಷಧಿ ಒಂದು ಗಂಟೆಯಷ್ಟು ಹೊತ್ತು ಇಳಿಯಿತು. ಮೂಗಿನ ಮೇಲ್ಭಾಗದಲ್ಲಿ, ಹುಬ್ಬುಗಳ ನಡುವೆ ಒಂದು ಬಗೆಯ ಉರಿ ಶುರುವಾದಾಗ ಹೇಳಿದೆ. ಅದೂ ಇದರ ಗುಣವೇ ಎಂದು ಯಂತ್ರದ ವೇಗವನ್ನು ಸ್ವಲ್ಪ ತಗ್ಗಿಸಿದರು. ಇದು ಮೂತ್ರಕೋಶವನ್ನು ಕೆರಳಿಸುತ್ತದೆ, ಆದ್ದರಿಂದ ನೀರು ಚೆನ್ನಾಗಿ ಕುಡಿಯಬೇಕು, ತಡೆದುಕೊಂಡು ಕೂರಬಾರದು, ಎರಡು ದಿನ ಶೌಚಾಲಯಕ್ಕೆ ಎರಡೆರಡು ಸಲ ನೀರು ಬಿಡಬೇಕು ಎಂದರು. ಸಂಜೆಯ ಹೊತ್ತಿಗೆ ಮನೆಗೆ ಬಂದೆವು.

ರಾತ್ರಿ ನಿದ್ದೆ ಹತ್ತಲಿಲ್ಲ. ವಾಂತಿ ತಡೆಯಲು ಕೊಟ್ಟ ಡೆಕ್ಸಾಮೆಥಸೋನ್ ನಿದ್ದೆಯನ್ನು ಕೆಡಿಸುತ್ತದೆ ಎಂದೂ ಮೊದಲೇ ಹೇಳಿದ್ದರು. ಊರಿನಲ್ಲಿ ಬೆಳಗಾಗಿರುತ್ತದೆ ಎಂದು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಚೆನ್ನಾಗಿದ್ದಾಳೆ, 11 ವರ್ಷಗಳಿಂದ ಚೆನ್ನಾಗಿದ್ದಾಳೆ. ದಿನ ಹೇಗಿತ್ತು ಎಂದು ಕೇಳಿದಳು, ನಾನು ಹೇಳುತ್ತಾ ಹೋದೆ. ಕೆಂಪು ಔಷಧಿಯ ಮಾತು ಬಂದು, ಮೂತ್ರ ಕೆಂಪಾಗುತ್ತದೆ ಎಂದು ನರ್ಸ್ ಹೇಳಿದ್ದನ್ನು ಹೇಳಿದಾಗ ಆ ಕಡೆಯಿಂದ ಮಾತೇ ಬರಲಿಲ್ಲ. ಕರೆ ಕಡಿದುಹೋಯಿತೇನೋ ಎಂದು "ಅಕ್ಕಾ" ಎಂದೆ.

"ಇದೀನಿ ಹೇಳು. ಅದು ಔಷಧಿದಾ?" ಎಂದಳು.

ಅವಳ ಮೊದಲ ಕೀಮೋದ ರಾತ್ರಿ, ನಾವೆಲ್ಲ ಹೊರಗಿನ ಕೋಣೆಯಲ್ಲಿ ಮಲಗಿದ್ದಾಗ, ಅಕ್ಕ ಬಚ್ಚಲಿಗೆ ಎದ್ದು ಹೋಗಿದ್ದಾಳೆ. ಕೆಂಪು ಕಂಡಿದೆ. ಒಳಗೆ ಏನೋ ಒಡೆದು ರಕ್ತ ಹೋಗುತ್ತಿದೆ, ಇನ್ನು ನನಗೆ ಬೆಳಗಾಗುವುದಿಲ್ಲ ಎಂದುಕೊಂಡಿದ್ದಾಳೆ. ಹಗಲಿಡೀ ಆಸ್ಪತ್ರೆಯಲ್ಲಿ ಅಲೆದು ದಣಿದು ಮಲಗಿದ್ದ ಭಾವನನ್ನು ಎಬ್ಬಿಸಲು ಮನಸ್ಸಾಗಲಿಲ್ಲವಂತೆ. ನೀರು ಹೊಯ್ದು ಬಂದು, ಮಕ್ಕಳ ಪಕ್ಕದಲ್ಲಿ ಮಲಗಿ, ಚಿಕ್ಕವನ ಕಾಲ ಮೇಲೆ ಕೈ ಇಟ್ಟುಕೊಂಡು ಬೆಳಗಾಗುವವರೆಗೆ ಕಣ್ಣು ಬಿಟ್ಟುಕೊಂಡೇ ಇದ್ದಳಂತೆ. ಬೆಳಿಗ್ಗೆ ಬಣ್ಣ ತಿಳಿಯಾಗಿತ್ತು. ಸರಿಹೋಯಿತಲ್ಲ ಎಂದು ಯಾರಿಗೂ ಹೇಳಲಿಲ್ಲ. ಅಂಥ ನಾಲ್ಕು ರಾತ್ರಿಗಳನ್ನು ಅವಳು ಕಳೆದಿದ್ದಾಳೆ. 11 ವರ್ಷ ಅದನ್ನು ರಕ್ತವೆಂದೇ ನಂಬಿಕೊಂಡಿದ್ದಾಳೆ.

ಬಾಗಿಲಿನ ಆಚೆ ನಿಂತು ಡಾಕ್ಟರು ಭಾವನಿಗೆ ಆ ಮಾತನ್ನು ಹೇಳಿದ್ದರು. ನನಗೆ ನೆನಪಿದೆ, ನಾನೂ ಕೇಳಿಸಿಕೊಂಡಿದ್ದೆ. ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು ಮುಂತಾದ ದೊಡ್ಡ ಸಂಗತಿಗಳ ನಡುವೆ ಆ ಸಣ್ಣ ಮಾತು ನಮ್ಮಿಬ್ಬರ ಮನಸ್ಸಿನಲ್ಲೂ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಆ ಬಣ್ಣವನ್ನು ನೋಡಬೇಕಾಗಿದ್ದ ಕಣ್ಣು ನಮ್ಮದಾಗಿರಲಿಲ್ಲ. ಕೇಳಿಸಿಕೊಳ್ಳಬೇಕಾಗಿದ್ದವಳು ಗಾಜಿನ ಆಚೆ ಕುಳಿತು ನಮ್ಮ ತುಟಿ ನೋಡುತ್ತಿದ್ದಳು. ನಮ್ಮಲ್ಲಿ ಇದನ್ನು ಕರುಣೆ ಎನ್ನುತ್ತೇವೆ, ಅವಳ ಮನಸ್ಸು ಕುಗ್ಗದಿರಲಿ ಎಂದು ಮುಚ್ಚಿಟ್ಟೆವು ಎನ್ನುತ್ತೇವೆ. ನಾನು ಈಗ ಅದನ್ನು ಒಪ್ಪಲಾರೆ. ಅವಳಿಗೆ ಹೇಳುವ ಧೈರ್ಯ ನಮಗಿರಲಿಲ್ಲ, ಹೇಳಿದ ಮೇಲೆ ಅವಳ ಮುಖ ನೋಡುವ ಧೈರ್ಯ ನಮಗಿರಲಿಲ್ಲ. ನಮ್ಮ ಅಂಜಿಕೆಯನ್ನು ಅವಳ ಹೆಸರಿಗೆ ಬರೆದೆವು.

ಇದು ಬರೀ ಮನಸ್ಸಿನ ನೋವಿನ ಪ್ರಶ್ನೆಯೂ ಅಲ್ಲ. ಇಲ್ಲಿ ನನ್ನ ಕೈಗೆ ಒಂದು ಚಿಕ್ಕ ಕಾರ್ಡು ಕೊಟ್ಟಿದ್ದಾರೆ. ಕೀಮೋ ಆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ, ಆಗ ಜ್ವರ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 100.4 ಮುಟ್ಟಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಮಾತ್ರೆ ನುಂಗಿ ಮಲಗದೆ ಕೂಡಲೇ ಕರೆ ಮಾಡಬೇಕು ಎಂದು ಅದರಲ್ಲಿ ಬರೆದಿದೆ. ಬೇರೆಯವರಿಗೆ ಸಣ್ಣ ಜ್ವರವಾದದ್ದು ಆ ದಿನಗಳಲ್ಲಿ ಜೀವಕ್ಕೇ ಎರವಾಗಬಹುದು. ಅಕ್ಕನಿಗೆ ಎರಡನೆಯ ಸಲದ ಹತ್ತನೆಯ ದಿನ ರಾತ್ರಿ ಮೈ ಸುಟ್ಟಿದೆ. ಚಳಿಜ್ವರವಿರಬೇಕೆಂದು ಹೊದ್ದುಕೊಂಡು ಮಲಗಿ ಬೆಳಗಾಗುವವರೆಗೆ ಕಾದಳು, ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿ 6 ದಿನ ಇಟ್ಟುಕೊಂಡರು. ಭಾವನಿಗೆ ಡಾಕ್ಟರು ಎಚ್ಚರಿಕೆ ಹೇಳಿದ್ದರು. ಆದರೆ ಜ್ವರ ಬಂದದ್ದು ಭಾವನಿಗಲ್ಲವಲ್ಲ. ಬದುಕಿ ಬಂದಳು ಎಂಬ ಕಾರಣಕ್ಕೆ ನಾವು ಅದನ್ನು ಮರೆತೆವು.

ಈ ಮಾತನ್ನು ಊರಿನ ಬಂಧುಗಳ ಎದುರು ಆಡಿದರೆ ಬರುವ ಉತ್ತರ ನನಗೆ ಬಾಯಿಪಾಠ: ಅವರ ಮನಸ್ಸೇ ಬೇರೆ, ನಮ್ಮ ಮನಸ್ಸೇ ಬೇರೆ, ಹೊರಗಿನವರಿಗೆ ಇದೆಲ್ಲ ತಡೆದುಕೊಳ್ಳುವ ಅಭ್ಯಾಸವಿದೆ, ನಮ್ಮವರು ಹೆಸರು ಕೇಳಿಯೇ ಅರ್ಧ ಸತ್ತುಹೋಗುತ್ತಾರೆ. ಇದು ಹುಟ್ಟಿನಿಂದ ಬಂದ ಮನಸ್ಸಿನ ಗುಣವೇನೂ ಅಲ್ಲ ಎನ್ನುವುದಕ್ಕೆ ನನ್ನ ಬಳಿ ಒಂದು ಉದಾಹರಣೆ ಇದೆ. 1961ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಷಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿದಾಗ, ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ತಮ್ಮ ರೂಢಿ ಎಂದವರು ನೂರಕ್ಕೆ 90 ಜನ. ಕಾರಣಗಳೂ ನಮ್ಮವೇ: ಆಸೆ ಬತ್ತಿಹೋಗುತ್ತದೆ, ಮನಸ್ಸು ಕುಸಿಯುತ್ತದೆ. ಅದೇ ಪ್ರಶ್ನೆಗಳನ್ನು ಅದೇ ಅಮೆರಿಕದ ಇನ್ನೊಂದು ಆಸ್ಪತ್ರೆಯ ವೈದ್ಯರ ಮುಂದೆ ಇಟ್ಟು 1979ರಲ್ಲಿ ಪ್ರಕಟಿಸಿದಾಗ, ಹೇಳುವುದೇ ಸರಿ ಎಂದವರು ನೂರಕ್ಕೆ 97 ಜನ. ನಡುವೆ ಕಳೆದದ್ದು 18 ವರ್ಷ. ಅಷ್ಟರಲ್ಲಿ ಒಂದು ಜನಾಂಗದ ಮನಸ್ಸು ಕಲ್ಲಾಗಿಬಿಡುವುದಿಲ್ಲ. ರೂಢಿ ಬದಲಾಯಿತು, ಅಷ್ಟೇ.

ಸ್ತನದ ಕ್ಯಾನ್ಸರಿನ ಮಟ್ಟಿಗೆ ಅದು ತಾನಾಗಿ ಬದಲಾದದ್ದೂ ಅಲ್ಲ. ಆ ಕಾಲದಲ್ಲಿ ಅಲ್ಲಿ ಗಂಟಿರುವ ಹೆಂಗಸಿಗೆ ಅರಿವಳಿಕೆ ಕೊಟ್ಟು ಚೂರು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದು ಕಂಡರೆ ಅವಳನ್ನು ಎಬ್ಬಿಸದೆ ಅಲ್ಲೇ ಸ್ತನವನ್ನು ತೆಗೆದುಬಿಡುತ್ತಿದ್ದರು. ತನಗೆ ಇದ್ದದ್ದು ಏನು, ಹೋದದ್ದು ಏನು ಎರಡೂ ಅವಳಿಗೆ ಒಟ್ಟಿಗೇ ಗೊತ್ತಾಗುತ್ತಿದ್ದದ್ದು ಕಣ್ಣು ಬಿಟ್ಟ ಮೇಲೆ. ರೋಸ್ ಕುಶ್ನರ್ ಎಂಬ ಪತ್ರಕರ್ತೆ 1974ರಲ್ಲಿ ತನಗೆ ಗಂಟು ಕಂಡಾಗ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ ಆಗಲಿ, ನನ್ನನ್ನು ಎಬ್ಬಿಸಿ ಹೇಳಿ, ಆಮೇಲಿನದನ್ನು ನಾನು ನಿರ್ಧರಿಸುತ್ತೇನೆ ಎಂದು ಪಟ್ಟು ಹಿಡಿದಳು, ಬರೆದಳು, ಜಗಳವಾಡಿದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಪರೀಕ್ಷೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ ಆಗಬೇಕೆಂದು ಹೇಳಿತು. ಆ ಸಭೆಯಲ್ಲಿ ಅವಳೂ ಇದ್ದಳು. "ಅವರೇ ಹೇಳಲಿ" ಎಂದು ನನ್ನ ಮುಖ ನೋಡುತ್ತಾ ನಿಂತ ನರ್ಸ್‌ನ ಹಿಂದೆ ಇಂಥ ಹಟ ಹಿಡಿದ ಹೆಂಗಸರು ಇದ್ದಾರೆ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಬಾಗಿಲಿನ ಆಚೆಯ ಮಾತು ಇನ್ನೂ ಏಕೆ ನಿಂತಿಲ್ಲ ಎಂದು ನನಗೆ ತಾಳ್ಮೆ ತಪ್ಪುತ್ತದೆ. ಹೋದ ತಿಂಗಳು ಊರಿನಿಂದ ಫೋನ್ ಮಾಡಿದ ಸಂಬಂಧಿಕರೊಬ್ಬರು ನನ್ನ ಕಾಯಿಲೆಯ ಬಗ್ಗೆ ವಿಚಾರಿಸಬೇಕೆಂದು, ನಾನು ಫೋನ್ ಎತ್ತಿದರೆ, ಮನೆಯವರಿಗೆ ಕೊಡಮ್ಮಾ ಎಂದರು.

ಇಷ್ಟು ಬರೆದ ಮೇಲೆ, ಬರೆಯಬಾರದೆಂದುಕೊಂಡಿದ್ದ ಒಂದೆರಡು ಮಾತನ್ನೂ ಬರೆಯಲೇಬೇಕಾಗಿದೆ.

ಆ ದಿನ ಮಧ್ಯಾಹ್ನ ನರ್ಸ್ ಬಂದು, ನೋವು ಎಷ್ಟಿದೆ, ಸೊನ್ನೆಯಿಂದ 10ರವರೆಗೆ ಒಂದು ಅಂಕಿ ಹೇಳಿ ಎಂದರು. ನನಗೆ ನೋವಿರಲಿಲ್ಲ. ಓಕರಿಕೆ ಬರುತ್ತಿದೆಯೇ ಎಂದರು, ಓಕರಿಕೆಯೂ ಅಲ್ಲ. ನನಗೆ ಆಗುತ್ತಿದ್ದದ್ದು ಸಂಕಟ. ಹೊಟ್ಟೆಯಲ್ಲೋ ಎದೆಯಲ್ಲೋ ಗೊತ್ತಾಗದ, ಮೈಗೋ ಮನಸ್ಸಿಗೋ ತಿಳಿಯದ ಸಂಕಟ. ಇಲ್ಲಿಯ ಭಾಷೆಯನ್ನು 19 ವರ್ಷಗಳಿಂದ ಹಗಲಿಡೀ ಆಡುತ್ತಿದ್ದೇನೆ, ಅದರಲ್ಲಿ ಆ ಪದ ನನಗೆ ಸಿಗಲಿಲ್ಲ. "2" ಎಂದೆ. ಅವರು 2 ಎಂದು ಬರೆದುಕೊಂಡು ಹೋದರು. ಅಕ್ಕನನ್ನು ಅಂದು ಯಾರೂ ಅಂಕಿ ಕೇಳಿರಲಿಲ್ಲ. ಆದರೆ ಅವಳು "ಏನೋ ಸಂಕಟ ಕಣೇ" ಎಂದಾಗ, ಡ್ರಿಪ್ ನೋಡಲು ಬಂದಿದ್ದ ಸಿಸ್ಟರು "ಹೌದಮ್ಮಾ, ಇದು ಹಾಕಿದಾಗ ಸಂಕಟ ಆಗುತ್ತೆ" ಎಂದು ಅವಳ ಬೆನ್ನು ನೀವಿದ್ದರು. ನನ್ನನ್ನು ಇಲ್ಲಿ ಎಲ್ಲವನ್ನೂ ಕೇಳುತ್ತಾರೆ. ಉತ್ತರ ನನ್ನಲ್ಲಿದ್ದರೂ ಅದನ್ನು ಕೊಡುವ ದಾರಿ ಕೆಲವು ಸಲ ನನಗಿಲ್ಲ.

ಇನ್ನೊಂದು ಮಾತು ಆ ರಾತ್ರಿಯದು. ಎಲ್ಲವನ್ನೂ ಹೇಳಿಸಿಕೊಂಡು ಬಂದವಳು ಎಲ್ಲವನ್ನೂ ನೆನೆಯುತ್ತಾ ಮಲಗಬೇಕಾಗುತ್ತದೆ. ಹೃದಯ, ಮೂತ್ರಕೋಶ, ಬಾಯಿ, ಎರಡು ಮೂರು ವಾರಗಳಲ್ಲಿ ಉದುರುವ ಕೂದಲು, ತೀರಾ ಅಪರೂಪಕ್ಕೆ ವರ್ಷಗಳ ನಂತರ ಬರಬಹುದಾದ ರಕ್ತದ ಕ್ಯಾನ್ಸರ್. ಒಂದನ್ನೂ ಬಿಡದೆ ಓದಿ ಹೇಳಿದ್ದರು. ಪಕ್ಕದಲ್ಲಿ ಪತಿ ಇದ್ದರು, ಆದರೆ ಅವರೂ ನಾಳೆ ಕೆಲಸಕ್ಕೆ ಹೋಗಬೇಕಾದವರು, ನಿದ್ದೆ ಹತ್ತಿತ್ತು. ಕೆಂಪು ಔಷಧಿ ಕೊಡುವಾಗ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದ ನರ್ಸ್ ನಾಲ್ಕು ಗಂಟೆಗೆ ಪಾಳಿ ಮುಗಿದು, ನಾನು ಕಣ್ಣು ಮುಚ್ಚಿದ್ದಾಗ ಹೊರಟುಹೋಗಿದ್ದರು. ಮುಂದಿನ ಸಲ ಅವರೇ ಇರುತ್ತಾರೆಂದು ಹೇಳಲು ಬರುವುದಿಲ್ಲ. ಸಾಲಾಗಿ ಇದ್ದ ಕುರ್ಚಿಗಳಲ್ಲಿ ನನ್ನ ಎಡಕ್ಕೂ ಬಲಕ್ಕೂ ಒಬ್ಬೊಬ್ಬ ಹೆಂಗಸರು ಇದ್ದರು. ನಡುವೆ ಪರದೆ ಇತ್ತು. ಇಡೀ ದಿನ ನಾವು ಮೂವರೂ ಒಂದು ಮಾತೂ ಆಡಲಿಲ್ಲ. ಅಕ್ಕನ ವಾರ್ಡಿನಲ್ಲಿ ನರ ಸಿಗದೆ ಮೂರು ಸಲ ಚುಚ್ಚಿದಾಗ, ಪಕ್ಕದ ಮಂಚದವಳ ಅತ್ತೆ, ಹಿಂದೆಂದೂ ಕಂಡಿರದ ಮುದುಕಿ, ಎದ್ದು ಬಂದು ಅಕ್ಕನ ಇನ್ನೊಂದು ಕೈಯನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡಿದ್ದಳು. ಆ ನಾಲ್ಕು ತಿಂಗಳಲ್ಲಿ ಹಗಲಿನ ಹೊತ್ತು ಅಕ್ಕನ ಮೈ ಮೇಲೆ ಯಾರದಾದರೂ ಒಂದು ಕೈ ಇಲ್ಲದ ಗಳಿಗೆ ನನಗೆ ನೆನಪಿಲ್ಲ.

ಭಾವನ ಬಗ್ಗೆ ಮೇಲೆ ನಾನು ಬರೆದದ್ದು ಕಟುವಾಯಿತು. ಅಳಿಸುವುದಿಲ್ಲ, ಏಕೆಂದರೆ ಅದು ನಿಜ. ಆದರೆ ಇದೂ ನಿಜ: ಆ ಬಾಗಿಲಿನ ಆಚೆ ಕೇಳಿದ್ದನ್ನೆಲ್ಲ ಅವರು ಒಬ್ಬರೇ ಹೊತ್ತುಕೊಂಡು ಓಡಾಡಿದರು. ನಾನು ರಜೆ ಮುಗಿಸಿ ವಿಮಾನ ಹತ್ತಿದೆ. ಅವರು ಪ್ರತಿ ಮೂರು ವಾರಕ್ಕೊಮ್ಮೆ ಆ ಫೈಲನ್ನು ಬೀರುವಿನಿಂದ ಇಳಿಸಿ, ಅಕ್ಕನ ಮುಂದೆ ನಗುತ್ತಾ, ರಿಪೋರ್ಟಿನ ಅಂಕಿಗಳು ಇಳಿದ ದಿನವೂ ನಗುತ್ತಾ, ಆಸ್ಪತ್ರೆಗೆ ಕರೆದುಕೊಂಡು ಹೋದರು. ಅದನ್ನು ಯಾರ ಹತ್ತಿರ ಹೇಳಿಕೊಂಡರೋ ಗೊತ್ತಿಲ್ಲ. ಮುಂದಿನ ವರ್ಷ ನಾನು ಊರಿಗೆ ಹೋದಾಗ ಅಕ್ಕನಿಗೆ ಹೊಸ ಕೂದಲು ಬಂದಿತ್ತು, ಭಾವನ ತಲೆ ಪೂರ್ತಿ ಬೆಳ್ಳಗಾಗಿತ್ತು.

ನನ್ನ ಮೊದಲ ಕೀಮೋದ ರಾತ್ರಿ ಮಾತನಾಡಿದ ನಾಲ್ಕು ದಿನ ಬಿಟ್ಟು ಅಕ್ಕನೇ ಫೋನ್ ಮಾಡಿದಳು. ಹಿಂದೆ ಕುರ್ಚಿ ಎಳೆದ ಸದ್ದು, ಏನನ್ನೋ ಕೊಡವಿದ ಸದ್ದು ಕೇಳಿಸಿತು. ಬೀರುವಿನ ಮೇಲಿನ ಅರೆಯಿಂದ ಫೈಲನ್ನು ತಾನೇ ಇಳಿಸಿಕೊಂಡಿದ್ದಾಳೆ. ಭಾವ ಅಲ್ಲೇ ಇದ್ದರು, ಬೇಡ ಎನ್ನಲಿಲ್ಲವಂತೆ, ಕನ್ನಡಕ ತಂದುಕೊಟ್ಟರಂತೆ. "ನಿನ್ನ ಕೆಂಪು ಔಷಧಿ ಹೆಸರು ಏನಂದೆ?" ಎಂದು ಕೇಳಿದಳು. ಹೇಳಿದೆ. ಹಾಳೆ ಮಗುಚುವ ಸದ್ದಾಯಿತು. ಡಾಕ್ಟರರ ಕೈಬರಹವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದಳು: "ಡಾ, ಕ್ಸೊ, ರು, ಬಿ, ಸಿನ್. ಇದೇನಾ?"

"ಅದೇ ಅಕ್ಕಾ."

"ಅದರ ಮುಂದೆ 60 ಅಂತ ಬರೆದಿದೆ. ಅದೇನು?"

ನಾನು ಎದ್ದು ಕುಳಿತು, ಆಗ ನಿನ್ನ ಎತ್ತರ ಎಷ್ಟಿತ್ತು, ತೂಕ ಎಷ್ಟಿತ್ತು ಅಲ್ಲಿ ಬರೆದಿರಬೇಕು ನೋಡು ಎಂದೆ. ಅವಳು ಹುಡುಕತೊಡಗಿದಳು.